ಆ ಸೀಸೆಯ ಹೆಸರೇನು?

ಕಳೆದ ತಿಂಗಳು ಒಂದು ಶುಕ್ರವಾರ ಅಸರ್ ನಮಾಝ್ ಮುಗಿಸಿ ಮಕ್ಕಳ ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ಕುಳಿತಿದ್ದೆ. ಬಾಗಿಲಲ್ಲಿ ಸಲಾಮ್ ಕೇಳಿಸಿತು. ತಲೆಯೆತ್ತಿ ನೋಡಿದರೆ ಏಳೆಂಟು ವರ್ಷಗಳ ಹಿಂದೆ ನನ್ನ ಬಳಿ ಓದಿದ ಹುಡುಗಿ. ಹಾವೇರಿಯ ಮಗಳು, ಮೂರು ವರ್ಷಗಳ ಹಿಂದೆ ಬ್ಯಾಡಗಿಗೆ ಮದುವೆಯಾಗಿ ಹೋದವಳು. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದ ಆ ಹುಡುಗಿ ಅಂದು ಅರ್ಧ ಗಂಟೆ ಚಹಾದ ಲೋಟ ಹಿಡಿದುಕೊಂಡು ಏನೂ ಮಾತನಾಡದೆ ಕುಳಿತಿದ್ದಳು.

ಕೊನೆಗೆ ಅವಳೇ ಬಾಯಿ ಬಿಟ್ಟಳು. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಿಲ್ಲ. ಮೊದಲ ವರ್ಷ ಅತ್ತೆ ಸಮಾಧಾನ ಹೇಳಿದರು. ಎರಡನೆಯ ವರ್ಷ ಮದ್ದು ಮಾಡಿಸಿದರು. ರಾಣೆಬೆನ್ನೂರಿನಲ್ಲಿ ಒಬ್ಬ ವೈದ್ಯೆ, ಹಾವೇರಿಯಲ್ಲಿ ಇನ್ನೊಬ್ಬರು, ಯಾರೋ ಹೇಳಿದ ಹಕೀಮರ ಪುಡಿ, ಮತ್ತೆ ಯಾರೋ ಹೇಳಿದ ತಾಯಿತ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳದ ಪರೀಕ್ಷೆ ಎಲ್ಲವೂ ಇವಳಿಗೇ. ಎಲ್ಲ ವರದಿಗಳಲ್ಲೂ ಇವಳಲ್ಲಿ ದೋಷವಿಲ್ಲವೆಂದೇ ಬಂತು. ಮೂರನೆಯ ವರ್ಷ ಮನೆಯಲ್ಲಿ ಮೆಲ್ಲಗೆ ಇನ್ನೊಂದು ಮದುವೆಯ ಮಾತು ಹುಟ್ಟಿಕೊಂಡಿತು.

ಹುಬ್ಬಳ್ಳಿಯ ಒಬ್ಬ ವೈದ್ಯೆ ಮಾತ್ರ ಫೈಲನ್ನು ಪೂರ್ತಿ ತಿರುವಿ ನೋಡಿ, “ಗಂಡನ ಒಂದು ವರದಿಯೂ ಇಲ್ಲವಲ್ಲ?” ಎಂದು ಕೇಳಿದರಂತೆ. ಅವನು ನಾಚಿಕೊಂಡ, ಸಿಟ್ಟಾದ, ಕೊನೆಗೆ ಪರೀಕ್ಷೆಗೆ ಒಪ್ಪಿದ. ವರದಿ ಬಂತು. ವೀರ್ಯದಲ್ಲಿ ವೀರ್ಯಾಣು ಒಂದೂ ಇರಲಿಲ್ಲ.

ವೈದ್ಯೆ ಅವನ ಭುಜ, ತೋಳುಗಳನ್ನು ಒಮ್ಮೆ ನೋಡಿ, ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು. “ಜಿಮ್‌ಗೆ ಹೋಗುತ್ತೀರಾ? ಅಲ್ಲಿ ಯಾರಾದರೂ ಇಂಜೆಕ್ಷನ್ ಕೊಟ್ಟಿದ್ದಾರಾ?” ಮೊದಲು ಇಲ್ಲವೆಂದ. ಹೆಂಡತಿಯನ್ನು ಹೊರಗೆ ಕಳಿಸಿ ಮತ್ತೆ ಕೇಳಿದಾಗ ಹೌದೆಂದ. ರಾಣೆಬೆನ್ನೂರಿನ ಬೀಜದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ದಿನಗಳಿಂದ ಸಂಜೆ ಅಲ್ಲೇ ಜಿಮ್‌ಗೆ ಹೋಗುತ್ತಿದ್ದ. ಒಂದು ವರ್ಷ ಕಳೆದರೂ ತೋಳು ಅಂದುಕೊಂಡಷ್ಟು ಬೆಳೆಯಲಿಲ್ಲ. ಜಿಮ್‌ನ ಹಿರಿಯ ಗೆಳೆಯನೊಬ್ಬ ಸಣ್ಣ ಸೀಸೆ ತಂದುಕೊಟ್ಟ. ವಾರಕ್ಕೊಂದು ಚುಚ್ಚುಮದ್ದು, ಜೊತೆಗೆ ಚೀಟಿಯಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರೆ. ನಡುನಡುವೆ ಬಿಟ್ಟರೂ ನಾಲ್ಕು ವರ್ಷ ಇದು ನಡೆದಿತ್ತು. ಮದುವೆಯ ಫೋಟೋಗಳಲ್ಲಿ ಅಂಗಿಯ ತೋಳು ಬಿಗಿಯಾಗಿ ಕಾಣಬೇಕೆಂದು ನಿಕಾಹ್‌ನ ಮುಂಚಿನ ಮೂರು ತಿಂಗಳು ಪ್ರಮಾಣವನ್ನು ಹೆಚ್ಚಿಸಿದ್ದನಂತೆ.

“ಆಪಾ, ಅಮ್ಮಿಗೆ ಹೇಳಬೇಡ ಎನ್ನುತ್ತಿದ್ದಾರೆ. ಹೇಳಿದರೆ ಅವರ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ನನ್ನ ಸಂಸಾರ ಹೋಗುತ್ತದೆ. ನಾನೇನು ಮಾಡಲಿ?” ಎಂದು ಅವಳು ಕೇಳಿದಳು.

ಇದನ್ನು ಆ ದಂಪತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಬರೆಯಲು ಕಾರಣವಿಷ್ಟೆ. ಆ ಸೀಸೆಯಂಥದು ಇಂದು ಹಾವೇರಿಯ ಎಷ್ಟೋ ಮನೆಗಳ ಬೀರುವಿನಲ್ಲಿ, ಬಟ್ಟೆಯ ಹಿಂದೆ ಇರಬಹುದು. ಆ ಬೀರುವನ್ನು ದಿನವೂ ತೆರೆಯುವವರು ನಾವು, ಹೆಂಗಸರು.

ಆ ಸೀಸೆಯನ್ನು ಅವಳು ತನ್ನ ಚೀಲದಲ್ಲಿ ತಂದಿದ್ದಳು. ಹೆಬ್ಬೆರಳಿನಷ್ಟು ಗಾತ್ರ. ಒಳಗೆ ತಿಳಿ ಹಳದಿ ಎಣ್ಣೆ. ಚೀಟಿಯ ಮೇಲೆ ಬರೆದಿತ್ತು: ನ್ಯಾಂಡ್ರೊಲೋನ್ ಡೆಕನೋಯೇಟ್.

ನಾನು ಮದ್ರಸದಲ್ಲಿ ಓದಿದವಳು. ಆಮೇಲೆ ಬಿ.ಎ. ಮಾಡಿದೆ. ವಿಜ್ಞಾನ ನನ್ನ ವಿಷಯವಲ್ಲ. ಆದರೂ ಆ ಹೆಸರನ್ನು ಹಿಡಿದುಕೊಂಡು ಪರಿಚಯದ ವೈದ್ಯರನ್ನು ಕೇಳಿದೆ, ಪುಸ್ತಕಗಳನ್ನು ನೋಡಿದೆ. ತಿಳಿದದ್ದನ್ನು ನಮ್ಮ ಮನೆಮಾತಿನಲ್ಲೇ ಹೇಳುತ್ತೇನೆ.

ನಮ್ಮ ಜಿಲ್ಲೆಯವರಿಗೆ ಹೋರಿಯ ಬಗ್ಗೆ ಹೇಳಿಕೊಡಬೇಕಾಗಿಲ್ಲ. ದೀಪಾವಳಿ ಬಂತೆಂದರೆ ಕೊಬ್ಬರಿ ಹೋರಿಯ ಸಡಗರ. ಅದೇ ಹೋರಿಯ ಬೀಜ ಒಡೆಸಿದರೆ ಅದು ಎತ್ತಾಗುತ್ತದೆ. ತಿನ್ನುವ ಮೇವು ಅದೇ, ಕೊಟ್ಟಿಗೆಯೂ ಅದೇ. ಆದರೆ ಹೋರಿಯ ಹೆಗಲು, ಕುತ್ತಿಗೆ, ರೋಷ ಎತ್ತಿಗಿಲ್ಲ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಬೀಜದಲ್ಲಿ ಹುಟ್ಟುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು. ಗಂಡು ಮಕ್ಕಳ ಪ್ರಾಯದಲ್ಲಿ ಮೀಸೆ ಚಿಗುರುವುದು, ಧ್ವನಿ ಒಡೆಯುವುದು, ಮಾಂಸಖಂಡ ಗಟ್ಟಿಯಾಗುವುದು ಇದರಿಂದಲೇ. ಹೆಂಗಸರ ದೇಹದಲ್ಲೂ ಇದು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ.

1935ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಈ ಹಾರ್ಮೋನನ್ನು ಮೊದಲು ಬೇರ್ಪಡಿಸಿದ್ದೂ ಹೋರಿಯ ವೃಷಣಗಳಿಂದಲೇ. ಅದೇ ವರ್ಷ ಬುಟೆನಾಂಡ್ಟ್ ಮತ್ತು ರುಜಿಚ್ಕಾ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. 1939ರ ನೊಬೆಲ್ ಪ್ರಶಸ್ತಿ ಅವರಿಗೆ ಬಂತು.

ಆದರೆ ಈ ಹಾರ್ಮೋನನ್ನು ಹಾಗೆಯೇ ನುಂಗಿದರೆ ಯಕೃತ್ತು ಬಹುಪಾಲನ್ನು ಕ್ಷಣದಲ್ಲಿ ಒಡೆದು ಹಾಕುತ್ತದೆ. ಆದ್ದರಿಂದ ವಿಜ್ಞಾನಿಗಳು ಅದರ ರಚನೆಯಲ್ಲಿ ಸಣ್ಣ ಸಣ್ಣ ಬದಲಾವಣೆ ಮಾಡಿ ಹೊಸ ಔಷಧಗಳನ್ನು ತಯಾರಿಸಿದರು. ಒಂದು ಗುಂಪಿನಲ್ಲಿ ಯಕೃತ್ತಿಗೆ ಬೇಗ ಒಡೆಯಲಾಗದ ಹಾಗೆ ಒಂದು ಕೊಂಡಿ ಸೇರಿಸಿದರು. ಇವು ಮಾತ್ರೆಗಳು. 1958ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಮೆಥಾಂಡಿಯೆನೋನ್, 1960ರ ದಶಕದಲ್ಲಿ ಬಂದ ಸ್ಟಾನೊಜೊಲಾಲ್ ಈ ಗುಂಪಿನವು. ಇನ್ನೊಂದು ಗುಂಪನ್ನು ಎಣ್ಣೆಯಲ್ಲಿ ಕರಗಿಸಿ ಮಾಂಸಕ್ಕೆ ಚುಚ್ಚುತ್ತಾರೆ. ಅದು ವಾರಗಟ್ಟಲೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ನಮ್ಮ ಕೈಗೆ ಬಂದ ನ್ಯಾಂಡ್ರೊಲೋನ್ ಇಂಥದು. ಇವೆಲ್ಲವನ್ನೂ ಸೇರಿಸಿ ಅನಾಬಾಲಿಕ್ ಸ್ಟೀರಾಯ್ಡ್ ಎನ್ನುತ್ತಾರೆ. ಅನಾಬಾಲಿಕ್ ಎಂದರೆ ಮೈ ಕಟ್ಟುವಂಥದು ಎಂದರ್ಥ.

ಇವು ವಿಷವೆಂದು ತಯಾರಾದವುಗಳಲ್ಲ. ಪ್ರಾಯ ತಡವಾಗಿ ಬರುವ ಹುಡುಗರಿಗೆ, ಹಾರ್ಮೋನು ಹುಟ್ಟದ ಕಾಯಿಲೆ ಇದ್ದವರಿಗೆ, ಕೆಲವು ಬಗೆಯ ರಕ್ತಹೀನತೆಗೆ, ದೀರ್ಘ ಕಾಯಿಲೆಯಿಂದ ಮೈ ಕರಗಿದವರಿಗೆ ವೈದ್ಯರು ಈ ಗುಂಪಿನ ಔಷಧಗಳನ್ನು ಅಳತೆ ನೋಡಿ ಕೊಡುತ್ತಾರೆ. ರಕ್ತ ಪರೀಕ್ಷೆ ಮಾಡಿಸುತ್ತಾರೆ. ತೊಂದರೆ ಶುರುವಾಗುವುದು ಕಾಯಿಲೆಯಿಲ್ಲದ ಹುಡುಗ ವೈದ್ಯರು ಕೊಡುವ ಅಳತೆಯ ಹತ್ತಾರು ಪಟ್ಟು ಚುಚ್ಚಿಕೊಂಡಾಗ.

ಹಾಗಾದರೆ ಗಂಡಸುತನದ ಹಾರ್ಮೋನನ್ನೇ ತೆಗೆದುಕೊಂಡವನಿಗೆ ಸಂತಾನಭಾಗ್ಯ ಏಕೆ ತಪ್ಪುತ್ತದೆ? ನನಗೂ ಇದು ಅರ್ಥವಾಗಲಿಲ್ಲ. ವೈದ್ಯರು ಮನೆಯ ಮೇಲಿನ ನೀರಿನ ಟ್ಯಾಂಕಿನ ಉದಾಹರಣೆ ಕೊಟ್ಟರು. ಟ್ಯಾಂಕಿನೊಳಗೆ ತೇಲುವ ಚೆಂಡು ಇರುತ್ತದೆ. ನೀರು ತುಂಬಿದೊಡನೆ ಚೆಂಡು ಮೇಲೆ ಬಂದು ನಲ್ಲಿಯನ್ನು ಮುಚ್ಚುತ್ತದೆ. ನಮ್ಮ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅಂಥ ಚೆಂಡಿನ ಕೆಲಸ ಮಾಡುತ್ತದೆ. ಹೊರಗಿನಿಂದ ಟ್ಯಾಂಕರ್ ತಂದು ನೀರು ಸುರಿದರೆ ಅದು ತುಂಬಿತೆಂದು ತಿಳಿದು ಒಳಗಿನ ನಲ್ಲಿಯನ್ನು ಮುಚ್ಚಿಬಿಡುತ್ತದೆ. ಆಗ ವೃಷಣಗಳಿಗೆ ಕೆಲಸ ಮಾಡೆಂಬ ಆಜ್ಞೆ ಹೋಗುವುದಿಲ್ಲ. ಅವು ಕುಗ್ಗುತ್ತವೆ. ವೀರ್ಯಾಣುಗಳ ಉತ್ಪತ್ತಿ ನಿಲ್ಲುತ್ತದೆ.

ಇನ್ನೊಂದು ಸಂಗತಿ ಕೇಳಿದರೆ ನೀವು ಬೆರಗಾಗುತ್ತೀರಿ. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಏಳು ದೇಶಗಳಲ್ಲಿ ನಡೆಸಿದ ಒಂದು ಅಧ್ಯಯನ ಪ್ರಕಟವಾಯಿತು. ಆರೋಗ್ಯವಂತ ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಟ್ಟು ನೋಡಿದರು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ವೀರ್ಯಾಣು ಶೂನ್ಯಕ್ಕಿಳಿಯಿತು. ಆ ಅಧ್ಯಯನದ ಉದ್ದೇಶವೇನು ಗೊತ್ತೇ? ಗಂಡಸರಿಗೆ ಗರ್ಭನಿರೋಧಕ ಇಂಜೆಕ್ಷನ್ ಕಂಡುಹಿಡಿಯುವುದು! ನಮ್ಮ ಹುಡುಗರು ಗಂಡಸುತನ ಹೆಚ್ಚಲೆಂದು ಚುಚ್ಚಿಕೊಳ್ಳುವುದನ್ನು ವಿಜ್ಞಾನಿಗಳು ಮಕ್ಕಳಾಗದಂತೆ ತಡೆಯಲು ಪರೀಕ್ಷಿಸಿದ್ದರು. ನನ್ನ ಶಿಷ್ಯೆ ಮೂರು ವರ್ಷ ಮಾತು ಕೇಳಿದ್ದು ಈ ಒಂದು ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದರಿಂದ.

ಸಂತಾನದ ಮಾತು ಒಂದು. ಇನ್ನೂ ಹಲವು ಹಾನಿಗಳಿವೆ. ಒಳ್ಳೆಯ ಕೊಬ್ಬು ಇಳಿದು ಕೆಟ್ಟ ಕೊಬ್ಬು ಏರುತ್ತದೆ. ರಕ್ತದೊತ್ತಡ ಹೆಚ್ಚುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ಎಳೆ ವಯಸ್ಸಿನಲ್ಲೇ ಹೃದಯಾಘಾತದ ಅಪಾಯ ಬರುತ್ತದೆ. ಮಾತ್ರೆಗಳು ಯಕೃತ್ತನ್ನು ಕೆಡಿಸಿ ಕಾಮಾಲೆ ತರಬಲ್ಲವು, ಗಡ್ಡೆಗೂ ಕಾರಣವಾಗಬಲ್ಲವು. ಹೆಚ್ಚಾದ ಹಾರ್ಮೋನಿನ ಒಂದು ಭಾಗ ದೇಹದಲ್ಲೇ ಹೆಣ್ಣಿನ ಹಾರ್ಮೋನಾಗಿ ಮಾರ್ಪಟ್ಟು ಹುಡುಗನ ಎದೆ ಹೆಂಗಸರಂತೆ ಬೆಳೆಯುವುದುಂಟು. ಇನ್ನೂ ಎತ್ತರ ಬೆಳೆಯುತ್ತಿರುವ ಹದಿನೈದು ಹದಿನಾರರ ಹುಡುಗ ತೆಗೆದುಕೊಂಡರೆ ಎಲುಬಿನ ತುದಿಗಳು ಬೇಗ ಮುಚ್ಚಿಕೊಂಡು ಅವನ ಎತ್ತರ ಅಲ್ಲಿಗೇ ನಿಲ್ಲಬಹುದು. ಸಿಟ್ಟು, ಜಗಳ ಹೆಚ್ಚುತ್ತದೆ. ಬಿಟ್ಟಾಗ ಖಿನ್ನತೆ ಕವಿಯುತ್ತದೆ. ಒಂದೇ ಸೂಜಿಯನ್ನು ಇಬ್ಬರು ಬಳಸಿದರೆ ಹೆಪಟೈಟಿಸ್ ಮತ್ತು ಎಚ್‌ಐವಿಯ ಭಯ ಬೇರೆ.

ಹೆಂಗಸರ ದೇಹಕ್ಕೆ ಇದು ಹೋದರೆ? ಮುಖದ ಮೇಲೆ ಕೂದಲು ಬರುತ್ತದೆ, ಮುಟ್ಟು ಏರುಪೇರಾಗುತ್ತದೆ, ಧ್ವನಿ ಗಡುಸಾಗುತ್ತದೆ. ಒಮ್ಮೆ ಗಡುಸಾದ ಧ್ವನಿ ಔಷಧ ಬಿಟ್ಟರೂ ಮೊದಲಿನಂತಾಗದೆ ಇರಬಹುದು. ಗರ್ಭಿಣಿಯಾಗಿದ್ದರೆ ಹೊಟ್ಟೆಯಲ್ಲಿರುವ ಹೆಣ್ಣು ಮಗುವಿಗೂ ಹಾನಿ. ನಮಗೇನು, ನಾವು ಜಿಮ್‌ಗೆ ಹೋಗುವವರೇ ಎಂದು ಕೇಳಬೇಡಿ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ಖಾಲಾ ಇದ್ದರು. ಸದಾ ನಿಶ್ಶಕ್ತಿ. ಯಾರೋ ಒಬ್ಬರು ಅವರಿಗೆ ತಿಂಗಳಿಗೆರಡು ಬಾರಿ ‘ತಾಕತ್ತಿನ ಸೂಜಿ’ ಹಾಕುತ್ತಿದ್ದರು. ಅದು ವಿಟಮಿನ್ನೋ, ಸ್ಟೀರಾಯ್ಡೋ, ಬರಿ ನೀರೋ ಯಾರೂ ಕೇಳಲಿಲ್ಲ, ಚುಚ್ಚಿದವರೂ ಹೇಳಲಿಲ್ಲ. ವರ್ಷಗಳ ನಂತರ ಪರೀಕ್ಷಿಸಿದಾಗ ಅವರಿಗಿದ್ದದ್ದು ಕಬ್ಬಿಣಾಂಶದ ಕೊರತೆಯ ರಕ್ತಹೀನತೆ. ಕಬ್ಬಿಣದ ಮಾತ್ರೆ ಸಾಕಾಗಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಸ್ಟೀರಾಯ್ಡ್ ಎಂಬ ಪದ ಕೇಳಿದೊಡನೆ ಎಲ್ಲವನ್ನೂ ಒಂದೇ ಎಂದು ತಿಳಿಯಬಾರದು. ದಮ್ಮು ಇರುವ ಮಕ್ಕಳಿಗೆ ಕೊಡುವ ಇನ್ಹೇಲರ್, ಅಲರ್ಜಿಗೆ, ಕೀಲುರೋಗಕ್ಕೆ ಕೊಡುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಇವು ಬೇರೆಯೇ ಜಾತಿಯವು. ಮೂತ್ರಪಿಂಡದ ಮೇಲಿರುವ ಸಣ್ಣ ಗ್ರಂಥಿಗಳ ಹಾರ್ಮೋನನ್ನು ಹೋಲುವ ಔಷಧಗಳು. ಅವು ಮೈ ಕಟ್ಟುವುದಿಲ್ಲ. ಅವುಗಳಿಗೂ ಅಡ್ಡ ಪರಿಣಾಮಗಳಿವೆ, ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳಬೇಕು. ಆದರೆ ಈ ಲೇಖನ ಓದಿ ಯಾವ ತಾಯಿಯೂ ತನ್ನ ಮಗುವಿನ ಇನ್ಹೇಲರನ್ನು ಕಸದ ಬುಟ್ಟಿಗೆ ಹಾಕಬಾರದು. ದೀರ್ಘಕಾಲ ತೆಗೆದುಕೊಂಡ ಪ್ರೆಡ್ನಿಸೊಲೋನನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯಕಾರಿ. ಇದಕ್ಕೇ ನಾನು ಮತ್ತೆ ಮತ್ತೆ ಹೇಳುವುದು, ಔಷಧದ ಹೆಸರು ಕೇಳಿ ಎಂದು.

ಹೆಸರು ಕೇಳದಿದ್ದರೆ ದೊಡ್ಡವರಿಗೂ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರ್ನಾಟಕದಲ್ಲೇ ಉದಾಹರಣೆಯಿದೆ. ಉಡುಪಿ ಜಿಲ್ಲೆಯ ಸಿದ್ದಾಪುರದ ಓಟಗಾರ್ತಿ ಅಶ್ವಿನಿ ಅಕ್ಕುಂಜಿಯವರನ್ನು ನೀವು ಮರೆತಿರಲಾರಿರಿ. ಕೃಷಿಕರ ಮನೆಯ ಮಗಳು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಅದೇ ವರ್ಷ ಚೀನಾದ ಗುವಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ಇಡೀ ರಾಜ್ಯ ಹೆಮ್ಮೆಪಟ್ಟಿತು.

ಮರುವರ್ಷ, 2011ರ ಮಧ್ಯದಲ್ಲಿ ಅಶ್ವಿನಿಯವರೂ ಸೇರಿ ಆರು ಮಂದಿ ಭಾರತೀಯ ಓಟಗಾರ್ತಿಯರು ಅನಾಬಾಲಿಕ್ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಪ್ರಕರಣದಲ್ಲಿ ಮುಖ್ಯವಾಗಿ ಕೇಳಿಬಂದ ಹೆಸರು ಮೇಲೆ ಹೇಳಿದ ಮೆಥಾಂಡಿಯೆನೋನ್. ನಾವು ಬೇಕೆಂದು ಏನನ್ನೂ ತೆಗೆದುಕೊಂಡಿಲ್ಲ, ತರಬೇತುದಾರರು ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಔಷಧದಲ್ಲಿ ಅದು ಬೆರೆತಿತ್ತು ಎಂಬುದು ಅವರ ವಾದವಾಗಿತ್ತು. ಉಕ್ರೇನಿನ ಆ ತರಬೇತುದಾರ ಯೂರಿ ಒಗೊರೊದ್ನಿಕ್ ಕೆಲಸ ಕಳೆದುಕೊಂಡರು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ, ಅಂದರೆ ನಾಡಾದ ಶಿಸ್ತು ಸಮಿತಿ 2011ರ ಡಿಸೆಂಬರಿನಲ್ಲಿ ಒಂದು ವರ್ಷದ ನಿಷೇಧ ವಿಧಿಸಿತು. ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಮೇಲ್ಮನವಿ ಸಲ್ಲಿಸಿತು. 2012ರ ಜುಲೈನಲ್ಲಿ, ಲಂಡನ್ ಒಲಿಂಪಿಕ್ಸ್‌ನ ಹೊಸ್ತಿಲಲ್ಲಿ, ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು.

ಈ ಹೆಣ್ಣುಮಕ್ಕಳನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ಕ್ರೀಡೆಯ ನಿಯಮ ಕಠಿಣ. ದೇಹದಲ್ಲಿ ಏನು ಸಿಕ್ಕಿತೋ ಅದಕ್ಕೆ ಆ ದೇಹದ ಒಡೆಯರೇ ಹೊಣೆ. ಗುರು ಕೊಟ್ಟರು ಎಂಬುದು ಪೂರ್ತಿ ಉತ್ತರವಾಗುವುದಿಲ್ಲ. ಸರ್ಕಾರದ ಶಿಬಿರ, ವೈದ್ಯರು, ವಿದೇಶಿ ತರಬೇತುದಾರರು ಎಲ್ಲ ಇದ್ದ ಓಟಗಾರ್ತಿಯರಿಗೇ ಒಂದು ಡಬ್ಬಿಯಲ್ಲಿ ಏನಿದೆ ಎಂಬುದು ಕೊನೆಗೆ ಇಷ್ಟು ದುಬಾರಿಯಾಯಿತು. ಹಾಗಿದ್ದ ಮೇಲೆ ರಾಣೆಬೆನ್ನೂರಿನ ಜಿಮ್‌ನಲ್ಲಿ ಗೆಳೆಯ ಕೊಟ್ಟ ಚೀಟಿಯಿಲ್ಲದ ಮಾತ್ರೆಯಲ್ಲಿ ಏನಿದೆ ಎಂದು ನಮ್ಮ ಹುಡುಗನಿಗೆ ಹೇಗೆ ಗೊತ್ತಾಗಬೇಕು?

ಇದಕ್ಕಿಂತ ಘೋರವಾದದ್ದು ಹಿಂದಿನ ಪೂರ್ವ ಜರ್ಮನಿಯಲ್ಲಿ ನಡೆಯಿತು. 1970 ಮತ್ತು 80ರ ದಶಕಗಳಲ್ಲಿ ಅಲ್ಲಿನ ಸರ್ಕಾರವೇ ಪದಕಗಳ ಆಸೆಗೆ ಆಟಗಾರರಿಗೆ ಟೆಸ್ಟೋಸ್ಟೆರಾನಿನಿಂದ ತಯಾರಾದ ಸಣ್ಣ ನೀಲಿ ಮಾತ್ರೆಗಳನ್ನು ತಿನ್ನಿಸಿತು. ಅವರಲ್ಲಿ ಹದಿಹರೆಯದ ಈಜುಗಾರ್ತಿಯರೂ ಇದ್ದರು. ಹುಡುಗಿಯರಿಗೆ ಹೇಳಿದ್ದು ಅದು ವಿಟಮಿನ್ ಎಂದು. ತಾಯಂದಿರಿಗೆ ಗೊತ್ತೇ ಇರಲಿಲ್ಲ. ಧ್ವನಿ ಒಡೆದು, ಆರೋಗ್ಯ ಕೆಟ್ಟು ಎಷ್ಟೋ ಮಂದಿ ಜೀವನವಿಡೀ ನರಳಿದರು. 2000ದಲ್ಲಿ ಬರ್ಲಿನ್‌ನ ನ್ಯಾಯಾಲಯ ಆ ಕಾಲದ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್‌ನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತು. ಹುಡುಗಿಯರ ಧ್ವನಿ ಮಾತ್ರ ತಿರುಗಿ ಬರಲಿಲ್ಲ.

ಮತ್ತೆ ನನ್ನ ಶಿಷ್ಯೆಯ ಪ್ರಶ್ನೆಗೆ ಬರುತ್ತೇನೆ. “ನೀನು ಹೇಳಬೇಡ ಮಗಳೇ, ಅವನೇ ಹೇಳಲಿ. ಸತ್ಯ ಹೇಳುವ ಧೈರ್ಯಕ್ಕೂ ತಾಕತ್ತು ಬೇಕು, ಅದನ್ನು ಯಾವ ಸೀಸೆಯೂ ಕೊಡುವುದಿಲ್ಲ. ಅವನಿಗೆ ಒಂದು ವಾರ ಸಮಯ ಕೊಡು. ಆದರೆ ತಪ್ಪಿಲ್ಲದ ನಿನ್ನ ಮೇಲೆ ತಪ್ಪು ಹೊರಿಸಿಕೊಂಡು ಅದಕ್ಕಿಂತ ಹೆಚ್ಚು ದಿನ ಸುಮ್ಮನಿರಬೇಡ” ಎಂದೆ.

ಮುಂದಿನ ಭಾನುವಾರ ಅವನೇ ಫೋನ್ ಮಾಡಿದ. “ಆಪಾ, ನೀವು ಎದುರಿಗಿದ್ದರೆ ಹೇಳುತ್ತೇನೆ” ಎಂದ. ಹಾವೇರಿಯಿಂದ ಬಸ್ ಹತ್ತಿ ಬ್ಯಾಡಗಿಗೆ ಹೋದೆ. ಅಂಗಳದಲ್ಲಿ ಮೆಣಸಿನಕಾಯಿ ಒಣಗಲು ಹರಡಿದ್ದರು. ಅವನ ಅಬ್ಬಾ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡಿ ಮನೆ ಕಟ್ಟಿದವರು. ಹೊತ್ತು ಹೊತ್ತು ಅವರ ಬೆನ್ನು ಬಾಗಿದೆ, ಆದರೆ ತೋಳು ಈಗಲೂ ಗಟ್ಟಿ. ಮಗ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ಮನೆಯಲ್ಲಿ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಅವನ ತಾಯಿ ಕೊನೆಗೆ ಹೇಳಿದ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. “ಆ ಸೀಸೆಗಳನ್ನು ನಾನು ನೋಡಿದ್ದೆ ಆಪಾ. ಬೀರು ಸ್ವಚ್ಛ ಮಾಡುವಾಗ ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದೆ. ಏನು ಬೇಟಾ ಇದು ಎಂದು ಒಮ್ಮೆ ಕೇಳಿದೆ. ತಾಕತ್ತಿನದು ಅಮ್ಮಿ ಎಂದ. ಮುಂದೆ ಕೇಳಲಿಲ್ಲ. ಸೊಸೆಗೆ ಮಾತ್ರ ಮೂರು ವರ್ಷ ಕೇಳುತ್ತಲೇ ಇದ್ದೆ.” ಹಾಗೆಂದು ಅವರು ಎದ್ದು ಹೋಗಿ ಸೊಸೆಯ ತಲೆಯ ಮೇಲೆ ಕೈಯಿಟ್ಟರು. ಎರಡನೆಯ ಮದುವೆಯ ಮಾತು ಅಲ್ಲಿಗೆ ಮುಗಿಯಿತು.

ಸಹೋದರಿಯರೇ, ನಮ್ಮ ಮನೆಗಳಲ್ಲಿ ಮಕ್ಕಳಾಗದಿದ್ದರೆ ಮೊದಲು ಸೊಸೆಯ ಕಡೆಗೇ ಬೆರಳು ತೋರಿಸುತ್ತೇವೆ. ಹತ್ತಾರು ಸಾವಿರ ಖರ್ಚಾಗುವ, ನೋವಿನ ಪರೀಕ್ಷೆಗಳು ಅವಳಿಗೆ. ಗಂಡನಿಗೆ ಬೇಕಾಗಿರುವುದು ನೋವಿಲ್ಲದ ಒಂದು ಸರಳ ಪರೀಕ್ಷೆ. ಅದೇ ಕೊನೆಗೆ ಆಗುತ್ತದೆ, ಅಥವಾ ಆಗುವುದೇ ಇಲ್ಲ. ದಂಪತಿ ಇಬ್ಬರಿಗೂ ಒಟ್ಟಿಗೇ ಪರೀಕ್ಷೆ ಮಾಡಿಸಿ. ನಾಚಿಕೆಯ ವಿಷಯವೆಂದು ಅಡಗಿಸಬೇಡಿ. ಮದೀನಾದ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಮೆಚ್ಚಿಕೊಂಡದ್ದೇ ತಿಳಿಯಬೇಕಾದ್ದನ್ನು ಕೇಳಲು ಅವರು ನಾಚಲಿಲ್ಲವೆಂಬ ಕಾರಣಕ್ಕೆ.

ಮಗ ಜಿಮ್‌ಗೆ ಹೋಗುತ್ತಾನೆಂದರೆ ಗಾಬರಿಯಾಗಬೇಡಿ. ವ್ಯಾಯಾಮ ಒಳ್ಳೆಯದು. ಬೀಡಿ, ಗುಟ್ಕಾದ ಸಹವಾಸಕ್ಕಿಂತ ಜಿಮ್ ಸಾವಿರ ಪಾಲು ಮೇಲು. ಆದರೆ ಕಣ್ಣು ತೆರೆದಿಟ್ಟುಕೊಳ್ಳಿ. ಎರಡು ಮೂರು ತಿಂಗಳಲ್ಲಿ ಮೈ ತಟ್ಟನೆ ಉಬ್ಬಿದರೆ, ಬೆನ್ನು ಮತ್ತು ಭುಜದ ತುಂಬ ಮೊಡವೆ ಎದ್ದರೆ, ಸಣ್ಣ ಮಾತಿಗೂ ಎಗರಿ ಬೀಳುತ್ತಿದ್ದರೆ, ಎದೆಯ ಭಾಗ ಊದಿದ್ದನ್ನು ಮುಚ್ಚಿಕೊಳ್ಳುತ್ತಿದ್ದರೆ, ಬೀರುವಿನಲ್ಲಿ ಸಿರಿಂಜ್ ಕಂಡರೆ ಕೇಳಿ. ಬೈಯುತ್ತಾ ಕೇಳಬೇಡಿ. ಬೈದರೆ ಸೀಸೆ ಬೀರುವಿನಿಂದ ಗೆಳೆಯನ ಮನೆಗೆ ಹೋಗುತ್ತದೆ, ಅಷ್ಟೆ. ಅವನು ಊಟಕ್ಕೆ ಕುಳಿತಾಗ ಕೇಳಿ. ‘ಇದರ ಹೆಸರೇನು? ಯಾರು ಬರೆದುಕೊಟ್ಟರು? ಯಾವ ಕಾಯಿಲೆಗೆ?’ ಈ ಮೂರು ಪ್ರಶ್ನೆ ಸಾಕು. ತಾಕತ್ತಿಗೆ, ಮೈಕಟ್ಟಿಗೆ ಎಂಬುದು ಉತ್ತರವಲ್ಲ.

ಚೀಟಿಯಲ್ಲಿ ನ್ಯಾಂಡ್ರೊಲೋನ್, ಸ್ಟಾನೊಜೊಲಾಲ್, ಮೆಥಾಂಡಿಯೆನೋನ್, ಟೆಸ್ಟೋಸ್ಟೆರಾನ್ ಎಂಬ ಹೆಸರುಗಳಲ್ಲಿ ಯಾವುದಿದ್ದರೂ ಅದು ಈ ಗುಂಪಿನದು. ಇಂಗ್ಲಿಷ್ ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿ. ನಮ್ಮ ದೇಶದ ಕಾನೂನಿನಂತೆ ಇವನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿಯೇ ಇಲ್ಲದ ಡಬ್ಬಿ, ಪೊಟ್ಟಣವಂತೂ ಇನ್ನೂ ಅಪಾಯ. ಪ್ರೊಟೀನ್ ಪುಡಿ ಸ್ಟೀರಾಯ್ಡ್ ಅಲ್ಲ, ಆದರೆ ಮೂಲ ಗೊತ್ತಿಲ್ಲದ ಪುಡಿಯಲ್ಲಿ ಏನು ಬೆರೆತಿದೆ ಎಂದು ಹೇಳಲಾಗದು. ಮೊಟ್ಟೆ, ಹೆಸರುಕಾಳು, ಕಡಲೆ, ಶೇಂಗಾ, ಹಾಲು, ವಾರಕ್ಕೆ ಎರಡು ದಿನ ಮೀನು ಅಥವಾ ಮಾಂಸ. ನಮ್ಮ ಅಡುಗೆಮನೆಯಲ್ಲೇ ಇರುವ ಇವು ಹುಡುಗನ ಮೈಗೆ ಸಾಲುತ್ತವೆ. ಏನು, ಒಂದು ತಿಂಗಳಲ್ಲಿ ಆಗುವುದಿಲ್ಲ. ಕೊಬ್ಬರಿ ಹೋರಿಯನ್ನೂ ಯಾರೂ ಒಂದು ತಿಂಗಳಲ್ಲಿ ಬೆಳೆಸುವುದಿಲ್ಲ. ವರ್ಷಗಟ್ಟಲೆ ಹುರುಳಿ, ಹತ್ತಿಕಾಳು ತಿನ್ನಿಸಿ ಸಾಕುತ್ತಾರೆ.

ಈಗಾಗಲೇ ತೆಗೆದುಕೊಳ್ಳುತ್ತಿರುವ ಮಗನಿದ್ದರೆ ಹೊಡೆದು ಬಡಿದು ಬಿಡಿಸುವುದಲ್ಲ, ವೈದ್ಯರ ಬಳಿ ಕರೆದುಕೊಂಡು ಹೋಗಿ. ಹಾರ್ಮೋನು ತಜ್ಞರು ಅಥವಾ ಜನರಲ್ ಫಿಸಿಶಿಯನ್ ಸಾಕು. ಏನು, ಎಷ್ಟು ದಿನ ತೆಗೆದುಕೊಂಡ ಎಂಬ ನಿಜವನ್ನು ಹೇಳಿಸಿ. ಬಿಟ್ಟ ಮೊದಲ ತಿಂಗಳುಗಳಲ್ಲಿ ನಿಶ್ಶಕ್ತಿ, ಬೇಸರ, ಅಳು ಬರುವುದುಂಟು. ಒಳಗಿನ ನಲ್ಲಿ ಮತ್ತೆ ತೆರೆದುಕೊಳ್ಳಲು ಸಮಯ ಬೇಕು. ಆ ದಿನಗಳಲ್ಲಿ ಅವನನ್ನು ಒಂಟಿಯಾಗಿ ಬಿಡಬೇಡಿ. ಉಬ್ಬಿದ ಮೈ ಇಳಿದಾಗ ಹಾಸ್ಯ ಮಾಡಬೇಡಿ. ಹಾಸ್ಯ ಮಾಡಿದರೆ ಅವನು ಮತ್ತೆ ಸೀಸೆಯ ಕಡೆಗೇ ಹೋಗುತ್ತಾನೆ.

ನಮ್ಮ ದೇಹ ನಮ್ಮದಲ್ಲ, ಅಮಾನತ್ತು ಎಂದು ಮಕ್ಕಳಿಗೆ ಪಾಠ ಮಾಡುತ್ತೇವೆ. ಅಮಾನತ್ತಿಗೆ ಕಾವಲು ಇರುವವರು ಒಳಗೆ ಏನು ಬರುತ್ತಿದೆ ಎಂದು ಕೇಳಬೇಡವೇ?

ಹೊರಡುವಾಗ ಆ ತಾಯಿ ಒಂದು ಪೊಟ್ಟಣ ಮೆಣಸಿನಕಾಯಿ ಕೈಗಿಟ್ಟರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಮಾನ್ಯತೆ ಬಂದದ್ದು ಅದರ ಬಣ್ಣಕ್ಕಾಗಿ. ಸುಕ್ಕುಗಟ್ಟಿದ ಸಿಪ್ಪೆ, ಖಾರ ಕಡಿಮೆ, ಬಣ್ಣ ಮಾತ್ರ ಗಾಢ ಕೆಂಪು. “ಈ ಬಣ್ಣ ನಮ್ಮ ಹೊಲದ್ದೇ ಆಪಾ, ಮೇಲೆ ಹಚ್ಚಿದ್ದಲ್ಲ” ಎಂದರು. ಹೇಳಿದ ಮೇಲೆ ಮಗನ ಕಡೆ ನೋಡಿ ಸುಮ್ಮನಾದರು.

ಆ ಹುಡುಗ ಈಗ ಸೀಸೆ ಬಿಟ್ಟು ಎರಡು ತಿಂಗಳಾಗುತ್ತಾ ಬಂತು. ಒಂದು ವೀರ್ಯಾಣು ಪೂರ್ತಿಯಾಗಿ ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕಂತೆ. ಅದಕ್ಕೂ ಮೊದಲು ಮುಚ್ಚಿದ ನಲ್ಲಿ ತೆರೆಯಬೇಕು. ಹೆಚ್ಚಿನವರಲ್ಲಿ ಆರು ತಿಂಗಳು, ಒಂದು ವರ್ಷದಲ್ಲಿ ಸರಿಯಾಗುತ್ತದೆ, ಕೆಲವರಲ್ಲಿ ಎರಡು ವರ್ಷವೂ ಹಿಡಿಯುತ್ತದೆ, ಕೆಲವರಲ್ಲಿ ಆಗದೆಯೂ ಇರಬಹುದು ಎಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮೊನ್ನೆ ನನ್ನ ಶಿಷ್ಯೆ ಫೋನ್ ಮಾಡಿದ್ದಳು. ಅತ್ತೆಯೇ ಮುಂದಿನ ತಪಾಸಣೆಗೆ ಮಗನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತಾರಂತೆ. ವೈದ್ಯೆಯನ್ನು ಕೇಳಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡಿದ್ದಾರಂತೆ.

ಮೊದಲ ಪ್ರಶ್ನೆ: ‘ಈಗ ಕೊಡುತ್ತಿರುವ ಮಾತ್ರೆಯ ಹೆಸರೇನು, ಯಾವುದಕ್ಕೆ?’

ಅವರಿಗಾಗಿ ದುಆ ಮಾಡಿ. ಇಂದು ನಿಮ್ಮ ಮನೆಯ ಬೀರುವನ್ನೂ ಒಮ್ಮೆ ತೆರೆದು ನೋಡಿ.